ಗೇಲಿಯ ನಂಟ

ಲಾಮೆಕ್ ಕಿವಾಂಬನ ಸೈಕಲ್ಲು ಇಲಾಂಗಾ ಊರಿನ ಮುಳ್ಳುಬೇಲಿ ದಾಟಿದ್ದೇ ತಡ, ಹೆಂಗಸರು ತಂತಮ್ಮ ನಾಯಿಗಳನ್ನು ಹೆಸರು ಹಿಡಿದು ಕೂಗಿ ಒಳಗೆ ಕರೆದುಕೊಳ್ಳತೊಡಗಿದರು. ನಾಯಿಗಳು ಅವನನ್ನು ಕಚ್ಚಿಯಾವು ಎಂಬ ಕಾಳಜಿಯೇನೂ ಅಲ್ಲ. ಅವನು ನಾಯಿಗಳನ್ನು ತಿಂದಾನು ಎಂದು.

“ಬಂದ ಕಣ್ರೇ ಹೇಹೆ! ಆ ಕಂದು ಮರೀನ ಒಳಗೆ ಹಾಕ್ರೇ, ಹೋದ ಸಲದಿಂದ ಅದರ ಮೇಲೇ ಕಣ್ಣು ಇವನಿಗೆ.”

“ನಿಮ್ಮೂರ ನಾಯಿ ಯಾರಿಗೆ ಬೇಕವ್ವಾ?” ಲಾಮೆಕ್ ಸೈಕಲ್ಲಿನಿಂದ ಇಳಿಯುತ್ತಲೇ ಅಂದ. “ನಿಮ್ಮ ಲೋಳೆಸೊಪ್ಪು ತಿಂದೂ ತಿಂದೂ ಅದಕ್ಕೆ ಬೊಗಳೋಕೂ ಆಗಲ್ಲ, ನಾಲಿಗೆ ಜಾರ್ತದೆ. ಮೊದಲು ಆ ಕೈ ಕೆಳಗಿಳಿಸಿ. ನೀವು ಬೇಡೋಕೆ ಏನೂ ತಂದಿಲ್ಲ ನಾನು.”

“ಏನೂ ತಂದಿಲ್ದಿದ್ರೆ ಸೈಕಲ್ಲೇ ಕೊಟ್ಟು ಹೋಗೋ!”

ಇಷ್ಟು ಸ್ವಾಗತವಾದ ಮೇಲೆ ಸೋರೆಬುರುಡೆಯಲ್ಲಿ ಬಿಸಿ ಗಂಜಿ ಬಂತು.

ಲಾಮೆಕ್ ಇರಿಂಗಾದ ಗುಡ್ಡಗಳ ಕಡೆಯ ಹೇಹೆ ಜನ. ದೊಡೋಮಾ ಸೀಮೆಯ ಈ ಬಯಲಿನವರು ಗೊಗೊಗಳು. ಮುತ್ತಜ್ಜಂದಿರ ಕಾಲದಲ್ಲಿ ಎರಡೂ ಕುಲದವರು ಈಟಿ ಹಿಡಿದು ಬಡಿದಾಡಿ ಬಡಿದಾಡಿ ಸುಸ್ತಾಗಿ, ಇನ್ನು ಬಾಯಲ್ಲೇ ಬಡಿದಾಡೋಣ ಎಂದು ಒಪ್ಪಿಕೊಂಡರಂತೆ. ಅಂದಿನಿಂದ ಇಬ್ಬರದೂ ಗೇಲಿಯ ನಂಟು: ಇವರ ಬಾಯಲ್ಲಿ ಹೇಹೆಗಳು ನಾಯಿ ತಿನ್ನುವವರು, ಅವರ ಬಾಯಲ್ಲಿ ಗೊಗೊಗಳು ಬೇಡಿ ತಿನ್ನುವವರು. ಗೇಲಿಯ ನಂಟ ಏನನ್ನಾದರೂ ಅನ್ನಬಹುದು, ಅಂಗಳದ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋಗಬಹುದು. ಅವನ ಮೇಲೆ ಸಿಟ್ಟಾಗುವಂತಿಲ್ಲ; ಸಿಟ್ಟಾದವನ ಮಾನ ಊರ ಬಾಯಿಗೆ ಬೀಳುತ್ತದೆ. ಇಂಥ ಕಡೆಗೆ ಒಬ್ಬ ಹೇಹೆಯನ್ನು ಸುವಾರ್ತೆ ಸಾರಲು ಕಳಿಸಿದ ದೊಡ್ಡ ಪಾದ್ರಿಗಳು ಒಂದೋ ಪರಮ ಅಮಾಯಕರಿರಬೇಕು, ಇಲ್ಲವೇ ಮಹಾ ತುಂಟರಿರಬೇಕು.

ಮೊದಲ ವರ್ಷ ಅವನ ಪಾಡು ನಾಯಿಪಾಡೇ ಆಗಿತ್ತು. ಶುಭ ಶುಕ್ರವಾರದ ದಿನ ಅವನು ಶಿಲುಬೆಯ ಕಷ್ಟವನ್ನು ವಿವರಿಸುತ್ತಾ ಗದ್ಗದನಾಗಿದ್ದಾಗ ಹಿಂದಿನ ಸಾಲಿನ ಮುದುಕನೊಬ್ಬ ಎದ್ದು, “ಅಲ್ಲಪ್ಪಾ ಹೇಹೆ, ನಾಯಿ ಸಾರಿಗೆ ನೀವು ಉಪ್ಪು ಮೊದಲು ಹಾಕ್ತೀರೋ ಆಮೇಲೋ?” ಎಂದು ಕೇಳಿಬಿಟ್ಟ. ಇಡೀ ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಲಾಮೆಕ್ ಆ ಸಂಜೆ ಚರ್ಚಿನ ಹಿಂದೆ ನಿಂತು ಅತ್ತುಬಿಟ್ಟ. ಮರುವಾರ ಒಂದು ಕಟ್ಟಳೆ ಮಾಡಿದ. ಬಿಳಿ ನಿಲುವಂಗಿ ಕ್ಯಾರಿಯರಿನ ಮೇಲೆ ಮಡಿಸಿಟ್ಟಿರುವಷ್ಟು ಹೊತ್ತು ಏನು ಬೇಕಾದರೂ ಅನ್ನಿ. ಅದು ಮೈಮೇಲೆ ಬಂದ ಕ್ಷಣದಿಂದ ಗೇಲಿ ಬಂದ್. ಜನ ಒಪ್ಪಿದರು. ಒಪ್ಪಿದ್ದನ್ನು ಚಾಚೂ ತಪ್ಪದೆ ನಡೆಸಿದರು ಕೂಡ. ನಿಲುವಂಗಿ ತೊಡುವ ಮುನ್ನ “ಬಾರೋ ಹೇಹೆ” ಅನ್ನುತ್ತಿದ್ದ ಬಾಯಿ ತೊಟ್ಟ ಮೇಲೆ “ಬನ್ನಿ ಬೋಧಕರೇ” ಅನ್ನುತ್ತಿತ್ತು. ಈ ಗೋಡೆ ಕಟ್ಟಿದ್ದರ ಬಗ್ಗೆ ಲಾಮೆಕ್‌ಗೆ ಒಳಗೊಳಗೇ ಹೆಮ್ಮೆ. ಸಾವಿನ ಮನೆಗೆ ಗೇಲಿಯ ನಂಟರು ಬಂದು ಸತ್ತವರನ್ನು ಅಣಕಿಸಿ ಕುಣಿದು, ತೋಡಿದ ಗುಂಡಿಯಲ್ಲಿ ಮಲಗಿ ಕಾಣಿಕೆ ಕೇಳುವ ಹಳೆಯ ಪದ್ಧತಿಯೂ ಕ್ರೈಸ್ತರಿಗೆ ತಕ್ಕದ್ದಲ್ಲ ಎಂದು ಅವನೇ ಊರೂರಲ್ಲಿ ಬೋಧಿಸಿ ನಿಲ್ಲಿಸಿದ್ದ.

ಗಂಜಿ ಮುಗಿಸಿ ನಿಲುವಂಗಿ ತೊಟ್ಟ. ಬೆಳಗಿನ ಕೆಲಸ ಎಂದಿನದೇ. ಮೇಕೆಗಳು ತಿಂದು ಹಾಕಿದ ಪೀಠದ ಬಟ್ಟೆಗೆ ಏನು ಮಾಡುವುದೆಂದು ಹೆಂಗಸರ ಜೊತೆ ಮಾತು, ಕೆಮ್ಮಿನಿಂದ ಮೂಲೆ ಹಿಡಿದವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ, ದೀಕ್ಷಾಸ್ನಾನಕ್ಕೆ ಕಾದಿರುವವರಿಗೆ ಊರ ನಡುವಿನ ದೊಡ್ಡಹುಣಸೆ ಮರದ ಬುಡದಲ್ಲಿ ಪಾಠ. ಆ ಮರದ ಹೊಟ್ಟೆ ಎಷ್ಟು ದಪ್ಪವೆಂದರೆ ಪಾಠಕ್ಕೆ ಬಂದವರೆಲ್ಲ ಅದರ ಒಂದೇ ಬದಿಯ ನೆರಳಿನಲ್ಲಿ ಹಿಡಿಸುತ್ತಿದ್ದರು. ಕೊನೆಗೆ ಹಾಡು. ಬೆರಳಲ್ಲಿ ಮೀಟುವ ಕಬ್ಬಿಣದ ಪಟ್ಟಿಗಳ ಪೆಟ್ಟಿಗೆಯನ್ನು ಒಬ್ಬ ಮೊಣಕಾಲ ನಡುವೆ ಇಟ್ಟುಕೊಂಡು ಮೀಟಿದ. ಹೆಂಗಸರು ಒಬ್ಬೊಬ್ಬರೂ ಬೇರೆ ಬೇರೆ ಎತ್ತರದಲ್ಲಿ ಹಾಡು ಹಿಡಿದರು. ಲಾಮೆಕ್‌ಗೆ ಇಷ್ಟು ವರ್ಷವಾದರೂ ಇದು ಹಳತಾಗಿರಲಿಲ್ಲ. ಈಗ ತಾನೇ ಸೈಕಲ್ಲು ಬೇಡಿ ಪೀಡಿಸಿದ ಇದೇ ಬಾಯಿಗಳಿಂದ ಇಂಥ ಸದ್ದು ಹೇಗೆ ಬರುತ್ತದೆ ಎಂದು ಅವನ ಮೈಕೂದಲು ನಿಮಿರಿ ನಿಲ್ಲುತ್ತಿತ್ತು.

ಹಾಡು ಮುಗಿಯುವ ಮೊದಲೇ ಚಿನ್ಯಂಬೊ ಊರಿನಿಂದ ಬಂದ ಹೆಂಗಸೊಬ್ಬಳು ಮರದ ನೆರಳಿನ ಅಂಚಿನಲ್ಲಿ ಬಂದು ನಿಂತಳು. ತಲೆಯ ಬಟ್ಟೆಯನ್ನು ಸೊಂಟಕ್ಕೆ ಬಿಗಿದುಕೊಂಡಿದ್ದಳು. ಅದನ್ನು ನೋಡಿಯೇ ಸಾವಿನ ಸುದ್ದಿ ಎಂದು ಎಲ್ಲರಿಗೂ ಗೊತ್ತಾಯಿತು.

“ಬೋಧಕರೇ, ಸೆಚೆಲೆಲಾ ಅಜ್ಜಿ ಹೋಗಿಬಿಟ್ರು. ಕೋಳಿ ಕೂಗೋ ಹೊತ್ತಿಗೆ.”

ಲಾಮೆಕ್‌ಗೆ ಮೊದಲು ಬಂದದ್ದು ದುಃಖವಲ್ಲ, ದಿಗಿಲು. ಹೋದ ವಾರ ಆ ಅಜ್ಜಿಗೆ ಅವನು ಒಂದು ಮಾತು ಕೊಟ್ಟಿದ್ದ.

ಸೆಚೆಲೆಲಾಗೆ ಇಬ್ಬರು ಗಂಡುಮಕ್ಕಳು. ಹಿರಿಯವನು ನ್ದಹಾನಿ, ಕಿರಿಯವನು ಮ್ವಲುಕೊ. ಒಂದು ಬರಗಾಲದಲ್ಲಿ ಹೊಳೆಯ ಒಣ ಮರಳಿನಲ್ಲಿ ನ್ದಹಾನಿ ನೀರಿಗೆಂದು ತೋಡಿದ ಗುಂಡಿಗೆ ತಮ್ಮನ ಗಬ್ಬದ ಹಸು ಬಿದ್ದು ಸತ್ತಿತು. ಮುಚ್ಚಳ ಯಾಕೆ ಹಾಕಲಿಲ್ಲ ಎಂದು ಅವನು, ಹಸು ಯಾಕೆ ಕಾಯಲಿಲ್ಲ ಎಂದು ಇವನು. ಮಾತಿಗೆ ಮಾತು ಬೆಳೆದು, ನ್ದಹಾನಿ ಇಡೀ ಊರಿನ ಮುಂದೆ, “ನೀನು ನಮ್ಮಪ್ಪನಿಗೆ ಹುಟ್ಟಿದವನೇ ಅಲ್ಲ, ಮುಖ ನೋಡಿದ್ರೇ ಗೊತ್ತಾಗ್ತದೆ” ಅಂದುಬಿಟ್ಟ. ತಮ್ಮನಿಗೆಂದು ಎಸೆದ ಕಲ್ಲು ತಾಯಿಗೂ ಬಿತ್ತು. ಮ್ವಲುಕೊ ಮರುದಿನವೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊಳೆಯಾಚೆ ಮನೆ ಕಟ್ಟಿಕೊಂಡ. ಅಣ್ಣನ ಅಂಗಳಕ್ಕೆ ಮತ್ತೆ ಕಾಲಿಡಲಿಲ್ಲ. ಅಂದಿನಿಂದ ಅಜ್ಜಿ ಪ್ರತಿ ಸಂಜೆ ಮುದ್ದೆಯ ಬಟ್ಟಲು ಹಿಡಿದು ಹೊಳೆಯ ಮರಳಿನ ನಡುವೆ ನಿಂತು, ಎರಡೂ ದಡಕ್ಕೆ ಕೇಳುವಂತೆ ಇಬ್ಬರನ್ನೂ ಊಟಕ್ಕೆ ಕರೆಯುತ್ತಿದ್ದಳು. ಒಬ್ಬೊಬ್ಬರಾಗಿ ಬಂದು ತಿಂದು ಹೋಗುತ್ತಿದ್ದರೇ ಹೊರತು ಒಟ್ಟಿಗೆ ಬಂದವರಲ್ಲ.

ಹೋದ ವಾರ ಅವಳು ಲಾಮೆಕ್‌ನ ನಿಲುವಂಗಿಯ ತೋಳು ಹಿಡಿದುಕೊಂಡು ಹೇಳಿದ್ದಳು: “ನನ್ನ ಮಣ್ಣಿಗಿಳಿಸೋವಾಗ ಇಬ್ಬರೂ ಗುಂಡಿಯೊಳಗೆ ನಿಂತು ಕೈ ಕೊಡಬೇಕು ಬೋಧಕರೇ. ಒಬ್ಬನೇ ಇಳಿಸಿದ್ರೆ ಆ ಮಾತು ನಿಜ ಆಗೋಯ್ತದೆ. ನಾನು ಕೆಟ್ಟವಳು ಅಂತ್ಲೇ ಮಣ್ಣಿಗೋಗ್ತೀನಿ.”

“ಇಬ್ಬರ ಕೈಯಿಂದಲೇ ಇಳಿಸ್ತೀನಮ್ಮ. ದೇವರಾಣೆ” ಎಂದು ಲಾಮೆಕ್ ಹೇಳಿದ್ದ. ಹೇಳುವಾಗ ಸುಲಭವಾಗಿತ್ತು.

ಅವನು ಚಿನ್ಯಂಬೊ ತಲುಪುವಾಗ ಸೂರ್ಯ ನೆತ್ತಿಯಿಂದ ಜಾರಿದ್ದ. ನ್ದಹಾನಿಯ ಮಣ್ಣಿನ ಮಾಳಿಗೆ ಮನೆಯ ಮುಂದೆ ಊರೇ ನೆರೆದಿತ್ತು. ಗುಂಡಿ ಆಗಲೇ ಸಿದ್ಧವಾಗಿ, ಅಗೆದವರು ಗುದ್ದಲಿ ಬದಿಗಿಟ್ಟು ನೆರಳಲ್ಲಿ ಕೂತಿದ್ದರು. ಒಳಗೆ ಚಾಪೆಯಲ್ಲಿ ಸುತ್ತಿದ ಅಜ್ಜಿ. ಜಾಲಿಯ ಕೆಳಗೆ ಒಂದು ಕಡೆ ನ್ದಹಾನಿ, ದನದ ದೊಡ್ಡಿಯ ಆಚೆ ಬಿಸಿಲಲ್ಲೇ ಮ್ವಲುಕೊ. ಇಬ್ಬರ ನಡುವೆ ಜನ ದಾರಿ ಬಿಟ್ಟು ಕೂತಿದ್ದರು, ಹೊಳೆಯೇ ಅಂಗಳದೊಳಕ್ಕೆ ಬಂದಿದೆಯೋ ಎಂಬಂತೆ.

ಸಭೆಯ ಹಿರಿಯ ಯೋನಾ ಎದುರು ಬಂದು ಪಿಸುಗುಟ್ಟಿದ: “ಬೆಳಗಿಂದ ಹಿಂಗೇ ಬೋಧಕರೇ. ದೊಡ್ಡವನು ‘ಅವನು ಇಳಿದ್ರೆ ನಾನಿಳಿಯಲ್ಲ’ ಅಂತಾನೆ. ಚಿಕ್ಕವನು ‘ನಾನು ಮಗ ಅಲ್ಲವಲ್ಲ, ಯಾವ ಹಕ್ಕಲ್ಲಿ ಇಳೀಲಿ’ ಅಂತಾನೆ. ಹೊತ್ತು ಮುಳುಗೋದ್ರೊಳಗೆ ಮಣ್ಣಾಗಬೇಕು. ಈ ಸೆಕೆ ನೋಡಿ.”

ಲಾಮೆಕ್ ಮೊದಲು ನ್ದಹಾನಿಯ ಪಕ್ಕ ಕೂತ. ಅವನು ಕಿವಿಯ ತೂತಿನಲ್ಲಿದ್ದ ಮರದ ಬಿಲ್ಲೆಯನ್ನು ಸವರುತ್ತಾ ನೆಲ ನೋಡುತ್ತಿದ್ದ.

“ನ್ದಹಾನಿ, ಆಡಿದ ಮಾತು ವಾಪಸ್ ತಗೋಬಾರದಾ?”

“ಹೆಂಗೆ ತಗೊಳ್ಳೋದು ಬೋಧಕರೇ? ಊರೆಲ್ಲ ಕೇಳಿಸ್ಕೊಂಡೈತೆ. ಊರಿನ ಕಿವಿಯಿಂದ ಕಿತ್ಕೊಳ್ಳೋಕಾಗ್ತದಾ? ಅವನು ಮನೆ ಬಿಟ್ಟು ಹೋದ. ಹೋದವನು ಹೋದ.”

“ನಿನಗೆ ಅದು ನಿಜ ಅನ್ನಿಸ್ತದಾ?”

ನ್ದಹಾನಿ ಬಿಲ್ಲೆಯನ್ನು ಕಿವಿಯಿಂದ ಕಳಚಿ, ಒರೆಸಿ, ಮತ್ತೆ ಸಿಕ್ಕಿಸಿಕೊಂಡ.

ಮ್ವಲುಕೊನ ಬಳಿ ಹೋದರೆ ಅವನು ಎದ್ದೇ ನಿಂತ. “ಬೋಧಕರೇ, ನಿಮ್ಮ ಮೇಲೆ ಗೌರವ ಐತೆ. ಆದ್ರೆ ಕ್ಷಮೆ ಕ್ಷಮೆ ಅಂತ ನನಗೆ ಹೇಳಬೇಡಿ. ಸಂಜೆ ಹೊತ್ತು ಮರಳಲ್ಲಿ ನಿಂತು ಅಮ್ಮ ಕೂಗ್ತಿದ್ದಳಲ್ಲ, ಆ ದನಿಗೆ ಅವನು ಉತ್ತರ ಕೊಡಲಿ. ಆಮೇಲೆ ನನ್ನ ಕೇಳಿ.”

ಲಾಮೆಕ್ ಎರಡೂ ಕಡೆ ಓಡಾಡಿದ. ಬೇಡಿಕೊಂಡ, ಗದರಿದ. ಕೊನೆಗೆ ಎಲ್ಲರ ನಡುವೆ ನಿಂತು ಸ್ವಾಹಿಲಿ ವೇದಪುಸ್ತಕ ಬಿಚ್ಚಿ, ಸತ್ತು ಹೂತಿಟ್ಟವನನ್ನು ಪ್ರಭು ಹೊರಗೆ ಬಾ ಎಂದು ಕರೆದ ಕತೆಯನ್ನು ಓದಿದ. ಚೆನ್ನಾಗಿಯೇ ಓದಿದ. ಜನ ಮರ್ಯಾದೆಯಿಂದ ಕೇಳಿದರು. ಯೋನಾ ‘ಆಮೆನ್’ ಅಂದ. ಅಣ್ಣತಮ್ಮಂದಿರಲ್ಲಿ ಒಬ್ಬನಾದರೂ ಕೂತಲ್ಲಿಂದ ಕದಲಿದ್ದರೆ ಕೇಳಿ. ಲಾಮೆಕ್ ಪುಸ್ತಕ ಮುಚ್ಚಿದಾಗ ತನ್ನ ಮಾತು ತನಗೇ ತೌಡು ಅಗಿದಂತೆ ಅನ್ನಿಸಿತು. ತಾನು ಹೇಳಿದ್ದೆಲ್ಲ ನಿಜ ಎಂದು ಅವನು ನಂಬಿದ್ದ. ಆದರೆ ಆ ನಿಜಕ್ಕೆ ಇಲ್ಲಿ ಕಾಲೂರಲು ಜಾಗವೇ ಇರಲಿಲ್ಲ.

ನೆರಳುಗಳು ಉದ್ದವಾದವು. ಒಳಗೆ ಹೆಂಗಸರ ಅಳು ಬತ್ತಿ ಹೋಗಿತ್ತು. ಆಗ ಸತ್ತವಳ ಜೊತೆಗಾತಿ ಮ್ಬೆಹೊ ಅಜ್ಜಿ ಬಾಗಿಲಿಗೆ ಬಂದು, ಚೌಕಟ್ಟಿಗೆ ಕೈಯೂರಿ ನಿಂತು, ರಾಗ ಎಳೆದು ಅತ್ತಳು:

“ಅಯ್ಯೋ ಸೆಚೆಲೆಲಾ, ನನ್ನವ್ವಾ… ನಮ್ಮವ್ವಂದಿರು ಸತ್ತಾಗ ಹೇಹೆಗಳು ಹಿಂಡು ಹಿಂಡಾಗಿ ಬರ್ತಿದ್ರು. ಸತ್ತವಳ ಬಟ್ಟೆ ತೊಟ್ಕೊಂಡು, ಸತ್ತವಳ ಹಂಗೇ ಕೆಮ್ಮಿ, ನಮ್ಮನ್ನ ನಗಿಸಿ ನಗಿಸಿ ಅಳಿಸ್ತಿದ್ರು. ನಿನ್ನ ಬಾಯ್ತುಂಬ ಬೈಯೋಕೆ ಒಬ್ಬನೂ ಇಲ್ದೆ ಹೋದ್ನಲ್ಲೇ! ಗೇಲಿ ಮಾಡೋರಿಲ್ಲದ ಸಾವು, ದಿಕ್ಕಿಲ್ಲದ ಸಾವಾಯ್ತಲ್ಲೇ!”

ಅವಳು ಲಾಮೆಕ್‌ನ ಕಡೆ ನೋಡಲೂ ಇಲ್ಲ. ಅವನು ನಿಲುವಂಗಿ ತೊಟ್ಟಿದ್ದ. ತೊಟ್ಟಾಗ ಅವನು ಹೇಹೆ ಅಲ್ಲ. ಊರು ತನ್ನ ಮಾತಿಗೆ ತಪ್ಪಿರಲಿಲ್ಲ. ಅದೇ ಅವನಿಗೆ ಚುಚ್ಚಿತು. ಆ ಮುದುಕಿ ಅಷ್ಟು ಜೋರಾಗಿ ಯಾರನ್ನು ಹುಡುಕಿ ಅಳುತ್ತಿದ್ದಳೋ ಅವನು ಅವಳ ಎದುರಿಗೇ, ಕೈಯಲ್ಲಿ ಪುಸ್ತಕ ಹಿಡಿದು, ಕಂಬದ ಹಾಗೆ ನಿಂತಿದ್ದ.

ಲಾಮೆಕ್ ಪುಸ್ತಕವನ್ನು ಯೋನಾನ ಕೈಗೆ ಕೊಟ್ಟ.

“ಎಲ್ಲಿಗೆ ಬೋಧಕರೇ?”

“ಮಲಗೋಕೆ” ಎಂದ ಲಾಮೆಕ್.

ಯೋನಾನಿಗೆ ಅರ್ಥವಾದಾಗ ಮುಖದ ಬಣ್ಣ ಇಳಿಯಿತು. “ಬೇಡ! ನಿಲುವಂಗಿ ತೊಟ್ಟಿದ್ದೀರಿ. ನೀವೇ ಬಿಡಿಸಿದ ಪದ್ಧತಿ ಇದು. ದೊಡ್ಡ ಪಾದ್ರಿಗಳಿಗೆ ಗೊತ್ತಾದ್ರೆ ಕೆಲಸ ಉಳಿಯಲ್ಲ.”

ಲಾಮೆಕ್‌ಗೆ ಅದೆಲ್ಲ ಗೊತ್ತಿತ್ತು. ಹೆದರಿಕೆಯೂ ಇತ್ತು. ಒಂದು ಕ್ಷಣ ನಿಲುವಂಗಿ ಕಳಚಿ ಹೋಗೋಣವೇ ಅನ್ನಿಸಿತು. ಆದರೆ ಅಜ್ಜಿಗೆ ಮಾತು ಕೊಟ್ಟವನು ನಿಲುವಂಗಿಯವನೇ ಅಲ್ಲವೇ? ಅವನು ಹಾಗೇ ನಡೆದು ಹೋಗಿ, ಗುಂಡಿಯ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಧೊಪ್ಪನೆ ಒಳಗೆ ಹಾರಿ, ಅಂಗಾತ ಮಲಗಿಬಿಟ್ಟ.

ಮೇಲೆ ಒಂದೇ ಸಲ ಹೋ ಎಂದು ಸದ್ದಾಯಿತು.

ಎಷ್ಟೋ ಗುಂಡಿಗಳ ಅಂಚಿನಲ್ಲಿ ನಿಂತು ಪ್ರಾರ್ಥನೆ ಹೇಳಿದವನು ಲಾಮೆಕ್. ಒಳಗಿನಿಂದ ಹೇಗೆ ಕಾಣುತ್ತದೆ ಎಂದು ಅವನು ಒಮ್ಮೆಯೂ ಯೋಚಿಸಿರಲಿಲ್ಲ. ಬೆನ್ನಿಗೆ ತಣ್ಣಗೆ ಮಣ್ಣು. ಎರಡೂ ಭುಜಕ್ಕೆ ಗೋಡೆ ತಾಗುತ್ತಿತ್ತು. ಮೇಲೆ ಬಾಗಿಲಿನಷ್ಟೇ ಅಗಲದ ಆಕಾಶ, ಅದರಲ್ಲಿ ಒಂದೇ ಒಂದು ಹದ್ದು. ಅದು ಎಷ್ಟು ದೂರವಿತ್ತೆಂದರೆ ಅವನಿಗೆ ಉಸಿರು ಕಟ್ಟಿತು. ಇಷ್ಟು ಕೆಳಗೆ, ಇಷ್ಟು ಇಕ್ಕಟ್ಟಿನಲ್ಲಿ, ಯಾರೋ ಬಂದು ಎಬ್ಬಿಸುತ್ತಾರೆ ಎಂದು ನಂಬಿಕೊಂಡು ಮಲಗುವುದೆಂದರೆ ಸಣ್ಣ ಸಂಗತಿಯಲ್ಲ. ಅದನ್ನು ತಾನು ಜನರಿಗೆ ಎಷ್ಟು ಸಲೀಸಾಗಿ ಹೇಳಿಬಿಡುತ್ತಿದ್ದೆ! ಅವನಿಗೆ ಮೈ ಜುಮ್ಮೆಂದಿತು. ಭಯವೋ ಭಕ್ತಿಯೋ ಅವನಿಗೇ ತಿಳಿಯಲಿಲ್ಲ. ದೇವರೇ, ಎಂದ, ಮುಂದೆ ಏನು ಹೇಳಬೇಕೆಂದು ತೋಚಲಿಲ್ಲ.

ಅಂಚಿನ ಸುತ್ತ ತಲೆಗಳು ಮೂಡಿದವು.

“ಅವನು… ಅವರು… ಮಲಗಿದ್ದಾರೆ ಕಣ್ರೋ” ಎಂದು ಯಾರೋ ತೊದಲಿದರು.

ಲಾಮೆಕ್ ಬಾಯಿ ತೆರೆದ. ಮೊದಲು ಬಂದದ್ದು ಸೆಚೆಲೆಲಾಳ ಕೆಮ್ಮು. ನಶ್ಯ ಏರಿಸಿ ಕೆಮ್ಮುವ, ಕೊನೆಗೆ ಕುಂಯ್ ಎನ್ನುವ ಆ ಕೆಮ್ಮು ಅವನಿಗೆ ಬಾಯಿಪಾಠವಾಗಿತ್ತು. ಮೇಲೆ ಒಬ್ಬ ಹೆಂಗಸು ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡಳು.

“ಥೂ, ಇದೇನ್ರೋ ಗುಂಡಿ ತೋಡಿದ್ದೀರಿ?” ಲಾಮೆಕ್ ಕೂಗಿದ. “ಕಾಲು ನೀಡೋಕೂ ಜಾಗ ಇಲ್ಲ. ಗೊಗೊಗಳು ಭೂಮಿತಾಯಿ ಹತ್ರಾನೂ ಬೇಡಿ ತಂದಿರಬೇಕು, ಅವಳು ಇಷ್ಟೇ ಕೊಟ್ಟವ್ಳೆ! ಆದರೂ ತಂಪಾಗಿ ಚೆನ್ನಾಗೈತೆ. ನಾನಂತೂ ಇಲ್ಲೇ ಇದ್ದುಬಿಡ್ತೀನಿ. ನಿಮ್ಮಜ್ಜೀನ ಬೇರೆ ಕಡೆ ಮಲಗಿಸ್ಕೊಳ್ಳಿ. ಮರಳಲ್ಲಿ ನಿಂತೂ ನಿಂತೂ ಅವಳಿಗೆ ಅಲ್ಲೇ ಅಭ್ಯಾಸ ಆಗೋಗೈತೆ!”

ಈಗ ನಗು ತಡೆಯಲಾಗಲಿಲ್ಲ. ಬೆಳಗಿನಿಂದ ಕಟ್ಟಿಕೊಂಡಿದ್ದ ಜನ ಕಟ್ಟೆಯೊಡೆದಂತೆ ನಕ್ಕರು. ಮ್ಬೆಹೊ ಅಜ್ಜಿ ಜನರನ್ನು ತಳ್ಳಿಕೊಂಡು ಅಂಚಿಗೆ ಬಂದು, ಬೊಚ್ಚು ಬಾಯಿ ಅಗಲಿಸಿ, “ಬಂದ್ಯೇನೋ ಹೇಹೆ! ಬಂದ್ಯಾ ನನ್ನಪ್ಪಾ! ನಾಯಿ ತಿಂದ ಬಾಯಿ ತಗೊಂಡು ನನ್ನ ಗೆಳತಿ ಹಾಸಿಗೆ ಮೇಲೆ ಮಲಗಿದ್ದೀಯಲ್ಲೋ, ಏಳೋ!” ಎಂದು ಒಂದು ಹಿಡಿ ಮಣ್ಣು ಅವನ ಎದೆಯ ಮೇಲೆ ಎಸೆದಳು. ಅವಳ ಕಣ್ಣಿಂದ ನೀರು ಧಾರಾಕಾರವಾಗಿ ಇಳಿಯುತ್ತಿತ್ತು.

“ಏಳೋಕೆ ಏನು ಬೇಕೋ ಹೇಳೋ!” ಜನ ಕೂಗಿದರು. ಇದು ಎಲ್ಲರಿಗೂ ಗೊತ್ತಿದ್ದ ಆಟ. ಗುಂಡಿಯಲ್ಲಿ ಮಲಗಿದ ನಂಟ ಕೇಳಿದ್ದನ್ನು ಇಲ್ಲ ಅನ್ನುವಂತಿಲ್ಲ. “ಕೋಳಿ ಬೇಕಾ? ಮೇಕೆ ಬೇಕಾ?”

“ನಿಮ್ಮ ಬಡಕಲು ಕೋಳಿ ನೀವೇ ಇಟ್ಕೊಳ್ಳಿ. ನನಗೆ ಎರಡು ಕೈ ಬೇಕು. ಒಂದು ದೊಡ್ಡವನದು, ಒಂದು ಚಿಕ್ಕವನದು.”

ನಗು ನಿಂತುಹೋಯಿತು.

ಬಹಳ ಹೊತ್ತಿನ ಮೇಲೆ ನ್ದಹಾನಿಯ ಮುಖ ಅಂಚಿನಲ್ಲಿ ಕಾಣಿಸಿತು. ಬಿಗಿದ ಮುಖ. ಅವನು ಬಗ್ಗಿ ಒಂದು ಕೈ ಚಾಚಿದ. “ಎದ್ದು ಬಾ.”

“ಒಂದೇ ಕೈ ಹಿಡಿದು ಎದ್ರೆ ತೋಳು ಕಿತ್ತು ಬರ್ತದೆ. ಆಮೇಲೆ ಒಂಟಿಗೈ ಹೇಹೆ ನಿಮ್ಮ ನಾಯಿ ಹಿಡಿಯೋದು ಹೆಂಗೆ?”

“ತಮಾಷೆ ಸಾಕು. ಹೊತ್ತು ಮುಳುಗ್ತಾ ಐತೆ.”

“ಮುಳುಗಲಿ. ಸಿಟ್ಟು ಬಂತಾ ನಿನಗೆ? ನನ್ನ ಮೇಲೆ ಸಿಟ್ಟು ಬಂತಾ?”

ನ್ದಹಾನಿ ಹಲ್ಲು ಕಚ್ಚಿದ. ಸುತ್ತ ಊರೆಲ್ಲ ಅವನ ಮುಖವನ್ನೇ ನೋಡುತ್ತಿತ್ತು. “ಇಲ್ಲ” ಎಂದ.

ಲಾಮೆಕ್‌ಗೆ ಮುಂದೇನು ಮಾಡಬೇಕೋ ತಿಳಿಯಲಿಲ್ಲ. ತಿಳಿಯದೆಯೇ ಅವನು ಕಣ್ಣು ಮುಚ್ಚಿ, ಅಜ್ಜಿಯ ದನಿಯಲ್ಲಿ, ಅವಳು ಸಂಜೆ ಸಂಜೆ ಕೂಗುತ್ತಿದ್ದ ಹಾಗೇ ರಾಗವಾಗಿ ಕೂಗಿದ:

“ನ್ದಹಾನೀ… ಮ್ವಲುಕೋ… ಮುದ್ದೆ ಆರೋಯ್ತದೆ ಬರ್ರೋ… ಇಬ್ರೂ ಬರ್ರೋ ನನ್ನಪ್ಪಂದಿರಾ…”

ನೆಲದೊಳಗಿನಿಂದ ಆ ದನಿ ಬಂದಾಗ ಹೆಂಗಸರು ಹೌಹಾರಿ ಹಿಂದೆ ಸರಿದರು. ಯಾರೂ ನಗಲಿಲ್ಲ. ದೊಡ್ಡಿಯ ಕಡೆಯಿಂದ ಓಡಿ ಬರುವ ಹೆಜ್ಜೆ ಸದ್ದು ನೆಲದ ಮೂಲಕವೇ ಅವನ ಬೆನ್ನಿಗೆ ಕೇಳಿಸಿತು. ಕಣ್ಣು ಬಿಟ್ಟಾಗ ಮ್ವಲುಕೊ ಎದುರು ಅಂಚಿನಲ್ಲಿ ಮಂಡಿಯೂರಿದ್ದ. ಎರಡೂ ಕೆನ್ನೆ ಒದ್ದೆ. ಅಣ್ಣನ ಕಡೆ ನೋಡದೆ ಅವನು ಕೈ ಇಳಿಬಿಟ್ಟ.

ಲಾಮೆಕ್ ಎರಡೂ ಕೈ ಹಿಡಿದ. ಹಿಡಿದು ಎದ್ದ. ಸುಲಭವಾಗಿ ಎದ್ದು ಬಂದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತೇನೋ; ಅವನನ್ನು ಮೇಲೆಳೆದು ಅಣ್ಣತಮ್ಮಂದಿರು ತಂತಮ್ಮ ಜಾಗಕ್ಕೆ ವಾಪಸಾಗುತ್ತಿದ್ದರೇನೋ. ಆದರೆ ಲಾಮೆಕ್ ಸಣ್ಣ ಆಳಲ್ಲ. ಇಬ್ಬರೂ ದಮ್ಮು ಕಟ್ಟಿ ಎಳೆದರು. ನ್ದಹಾನಿಯ ಕಾಲ ಕೆಳಗಿನ ಅಂಚು ಕುಸಿಯಿತು. ಅವನು ಜಾರಿದ. ಜಾರುವಾಗ, “ಅಣ್ಣಾ!” ಎಂದು ಕೂಗಿ ಮ್ವಲುಕೊ ಅವನ ಹೆಗಲಿಗೆ ಕೈ ಹಾಕಿ ಹಿಡಿದ. ಹಿಡಿದವನೂ ಹೋದ. ಕೆಂಪು ಮಣ್ಣಿನ ಜೊತೆ ಇಬ್ಬರೂ ಗುಂಡಿಯೊಳಗೆ, ಲಾಮೆಕ್‌ನ ಮೇಲೆ ಬಂದು ಬಿದ್ದರು.

ಧೂಳು ಅಡಗಿದಾಗ ಮೂವರೂ ಒಬ್ಬರ ಎದೆಗೊಬ್ಬರು ಒತ್ತಿಕೊಂಡು ನಿಂತಿದ್ದರು. ಮ್ವಲುಕೊನ ಕೈ ಇನ್ನೂ ಅಣ್ಣನ ಹೆಗಲ ಮೇಲಿತ್ತು. ತೆಗೆಯೋಣವೆಂದರೆ ತೆಗೆಯಲು ಜಾಗವಿರಲಿಲ್ಲ. ನ್ದಹಾನಿ ಏದುಸಿರು ಬಿಡುತ್ತಾ, “ಪೆಟ್ಟಾಯ್ತಾ?” ಎಂದು ಕೇಳಿದ. ಅದು ಲಾಮೆಕ್‌ಗೆ ಕೇಳಿದ್ದಲ್ಲ.

“ಇಲ್ಲ” ಎಂದ ಮ್ವಲುಕೊ.

ಲಾಮೆಕ್‌ಗೆ ಆಗ ಹೊಳೆಯಿತು. ಅಂಚು ಕುಸಿಯುವುದು ಅವನ ಲೆಕ್ಕದಲ್ಲಿ ಇರಲೇ ಇಲ್ಲ. ಇಬ್ಬರೂ ಗುಂಡಿಯಲ್ಲಿ ನಿಂತಿದ್ದರು, ಅಜ್ಜಿ ಕೇಳಿದ್ದ ಹಾಗೆಯೇ. ಅವರನ್ನು ಇಳಿಸಿದ್ದು ತನ್ನ ಬೋಧನೆಯೂ ಅಲ್ಲ, ತನ್ನ ಗೇಲಿಯೂ ಅಲ್ಲ. ತನ್ನ ಜೊತೆ ಇನ್ನೂ ಯಾರೋ ಆ ಗುಂಡಿಯಲ್ಲಿದ್ದಾರೆ ಎಂದು ಅವನಿಗೆ ಖಂಡಿತವಾಗಿ ಅನ್ನಿಸಿತು. ತಡ ಮಾಡಿದರೆ ಕೆಟ್ಟೀತು ಎಂದು ಅವನು ಇಬ್ಬರ ಬೆನ್ನಿನ ಮೇಲೂ ಕಾಲಿಟ್ಟು, “ತಡ್ಕೊಳ್ರೋ, ಗೊಗೊಗಳು ಇಷ್ಟಕ್ಕಾದ್ರೂ ಉಪಯೋಗಕ್ಕೆ ಬಂದ್ರಲ್ಲ” ಎನ್ನುತ್ತಾ ಹತ್ತಿ ಹೊರಬಿದ್ದ. ಬಿಳಿ ನಿಲುವಂಗಿ ಕತ್ತಿನಿಂದ ಕಾಲಿನವರೆಗೆ ಕೆಂಪಾಗಿತ್ತು.

“ಅಜ್ಜೀನ ತನ್ನಿ” ಎಂದ. “ಬೇಗ.”

ಚಾಪೆ ಹೊತ್ತು ತಂದರು. ಗುಂಡಿಯ ಎರಡು ತುದಿಯಲ್ಲಿ ಅಣ್ಣತಮ್ಮಂದಿರು ಕೈ ಮೇಲೆತ್ತಿ ನಿಂತಿದ್ದರು. ಜಾರಿ ಬಿದ್ದ ರೀತಿಗೆ ನ್ದಹಾನಿ ತಲೆಯ ಕಡೆ ಇದ್ದ, ಮ್ವಲುಕೊ ಕಾಲಿನ ಕಡೆ. ಅದೇ ಸರಿಯೂ ಹೌದು. ತಾಯಿಯ ತಲೆ ಹಿಡಿಯುವುದು ಹಿರಿಯ ಮಗನ ಪಾಲು. ಅದನ್ನು ಗೊಗೊಗಳು ಯಾರಿಗೂ ಬಿಟ್ಟುಕೊಟ್ಟವರಲ್ಲ.

ಚಾಪೆ ಅಂಚಿಗೆ ಬಂದಾಗ ನ್ದಹಾನಿ ಕೈ ಇಳಿಸಿದ.

“ನೀನು ಈ ಕಡೆ ಬಾ” ಎಂದ ತಮ್ಮನಿಗೆ.

ಮ್ವಲುಕೊಗೆ ಅರ್ಥವಾಗಲಿಲ್ಲ. “ಅದು ನಿನ್ನ ಜಾಗ ಅಲ್ವಾ ಅಣ್ಣಾ.”

“ಗೊತ್ತು” ಎಂದ ನ್ದಹಾನಿ. ಊರಿಗೆಲ್ಲ ಕೇಳುವಂತೆ ಹೇಳಿದ, ಅಂದು ಆ ಇನ್ನೊಂದು ಮಾತನ್ನು ಹೇಳಿದಷ್ಟೇ ಗಟ್ಟಿಯಾಗಿ. “ನಮ್ಮಮ್ಮನ ತಲೆ ನೀನು ಹಿಡಿ. ನಮ್ಮಪ್ಪ ಇದ್ದಿದ್ರೂ ಅದನ್ನೇ ಹೇಳ್ತಿದ್ದ.”

ಇಕ್ಕಟ್ಟಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಳಸಿ ಹಿಡಿದುಕೊಂಡು ಜಾಗ ಬದಲಿಸಿದರು. ಮ್ವಲುಕೊ ತಾಯಿಯ ತಲೆಯನ್ನು ಎರಡೂ ಅಂಗೈಯಲ್ಲಿ ಇಳಿಸಿಕೊಂಡ, ನ್ದಹಾನಿ ಕಾಲುಗಳನ್ನು ಎದೆಗೊತ್ತಿ ಇಳಿಸಿಕೊಂಡ. ಇಬ್ಬರೂ ಒಟ್ಟಿಗೆ ಬಗ್ಗಿದರು.

ಯೋನಾ ತನ್ನ ಪ್ರಾರ್ಥನೆಯ ಪುಸ್ತಕ ಚಾಚಿದ. ಲಾಮೆಕ್ ಅದನ್ನು ತೆಗೆದುಕೊಳ್ಳಲಿಲ್ಲ. ಅಕ್ಷರ ಕಾಣುವ ಸ್ಥಿತಿಯಲ್ಲಿ ಅವನ ಕಣ್ಣುಗಳಿರಲಿಲ್ಲ, ಮಾತುಗಳು ಹೇಗೂ ಬಾಯಿಪಾಠ. ಮಣ್ಣಿಗೆ ಮಣ್ಣು ಎಂದು ಶುರುಮಾಡಿದ. ಸತ್ತವರು ಏಳುವರು ಎಂಬ ಸಾಲಿಗೆ ಬಂದು ನಡುವೆಯೇ ನಿಂತ. ಸಾವಿರ ಸಲ ಹೇಳಿದ್ದ ಮಾತು. ಅವನು ಆ ಸಾಲನ್ನು ಮತ್ತೆ ಮೊದಲಿನಿಂದ, ನಿಧಾನವಾಗಿ, ಗುಂಡಿಯಲ್ಲಿ ನಿಂತಿದ್ದ ಇಬ್ಬರನ್ನೂ ನೋಡುತ್ತಾ ಹೇಳಿದ.